ಮೆಟ್ಟಿಲ ಮೇಲೆ ಮೇಷ್ಟ್ರು

ಸಪ್ಪಳನ ಜೊತೆ ಇನ್ನೊಬ್ಬರು ನಡೆಯುತ್ತಿದ್ದಾರೆ ಎಂದು ಮೊದಲು ಕಂಡುಹಿಡಿದವನು ರೆಕಾರ್ಡಿಂಗಿನವನು. ಗಾಜಿನ ಗೋಡೆಯಾಚೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದವನು ಅರ್ಧ ಬಿಸ್ಕತ್ತು ಬಾಯಲ್ಲಿರುವಾಗಲೇ ಕೈಯೆತ್ತಿ ನಿಲ್ಲಿಸಿದ.

"ಅಣ್ಣ, ಒಬ್ಬರೇ ನಡೀರಿ."

"ಒಬ್ಬನೇ ಅಲ್ವೇನಯ್ಯ ನಡೀತಿರೋದು? ನಿನಗೆ ಇಬ್ಬಿಬ್ಬರು ಕಾಣ್ತಿದ್ರೆ ಕಣ್ಣಿನ ಡಾಕ್ಟರ ಹತ್ರ ಹೋಗು."

"ಕಾಣ್ತಿಲ್ಲ ಅಣ್ಣ, ಕೇಳಿಸ್ತಿದೆ. ನಿಮ್ಮ ಬಲಗಾಲಿನ ಹಿಂದೇನೇ ಇನ್ಯಾರದೋ ಕಾಲು ಬರ್ತಿದೆ."

ಸಿನಿಮಾದಲ್ಲಿ ನಾಯಕ ಶೂ ಹಾಕಿಕೊಂಡು ಟಕಟಕ ನಡೆದು ಬಂದರೆ ನಾವು ಅದು ಅವನ ಹೆಜ್ಜೆಯೆಂದೇ ನಂಬುತ್ತೇವೆ. ಪಾಪ, ಅವನ ಹೆಜ್ಜೆ ಯಾರಿಗೆ ಬೇಕು! ಅವನ ಮುಖಕ್ಕೆ ಲೈಟು ಹಿಡಿಯುವವರು, ಬೆವರು ಒರೆಸುವವರು, ಕೂಗಾಡುವವರು ಎಲ್ಲರ ಗದ್ದಲದಲ್ಲಿ ಅವನ ಕಾಲಿನ ಸದ್ದು ಎಂದೋ ಮುಳುಗಿಹೋಗಿರುತ್ತದೆ. ಆಮೇಲೆ ಫ್ಯಾನು ಕೂಡ ಆರಿಸಿದ ಒಂದು ಕತ್ತಲೆ ಕೋಣೆಯಲ್ಲಿ, ಪರದೆ ನೋಡುತ್ತಾ, ನಿಂತಲ್ಲೇ ನಿಂತು ಆ ಹೆಜ್ಜೆಗಳನ್ನೆಲ್ಲ ಮತ್ತೆ ನಡೆಯಲು ಒಬ್ಬ ಬೇಕಾಗುತ್ತಾನೆ. ಆ ಒಬ್ಬನೇ ಸಪ್ಪಳ. ಅವನಿಗೆ ತಂದೆತಾಯಿ ಇಟ್ಟ ಹೆಸರೂ ಇತ್ತು, ಆದರೆ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಸ್ಟುಡಿಯೋದ ನೆಲದಲ್ಲಿ ಸಾಲಾಗಿ ಚೌಕದ ಗುಂಡಿಗಳು: ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರಳು, ಒಂದರಲ್ಲಿ ಒಣಗಿದೆಲೆ, ಪಕ್ಕದಲ್ಲಿ ಮರದ ಹಲಗೆ, ಸಿಮೆಂಟು, ನುಣುಪು ಕಲ್ಲು. ಗೋಡೆಯ ತುಂಬ ಶೂ, ಚಪ್ಪಲಿ, ಹೆಂಗಸರ ಎತ್ತರದ ಹಿಮ್ಮಡಿಯ ಜೋಡುಗಳು. ಸಪ್ಪಳ ಅವುಗಳಲ್ಲಿ ಬೇಕಾದ್ದನ್ನು ಹಾಕಿಕೊಂಡು ಕಳ್ಳನಾಗುತ್ತಿದ್ದ, ನ್ಯಾಯಾಧೀಶನಾಗುತ್ತಿದ್ದ, ಮದುವೆ ಬೇಡವೆಂದು ಓಡಿಹೋಗುವ ಹುಡುಗಿಯೂ ಆಗುತ್ತಿದ್ದ. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದ ಐವತ್ತು ದಾಟಿದ ಗಂಡಸು ಹುಡುಗಿಯ ಜೋಡು ಹಾಕಿಕೊಂಡು ಕುಣಿಯುವುದನ್ನು ನೋಡಿದವರು ನಕ್ಕಾರು. ಕಣ್ಣು ಮುಚ್ಚಿ ಕೇಳಿದವರು ನಗುತ್ತಿರಲಿಲ್ಲ.

"ಹಾಕು, ಕೇಳೋಣ," ಎಂದ ಸಪ್ಪಳ.

ರೆಕಾರ್ಡಿಂಗಿನವನು ಸ್ಪೀಕರಿನಲ್ಲಿ ಹಾಕಿದ. ಎಡಗಾಲು ಸರಿಯಾಗಿತ್ತು. ಬಲಗಾಲಿನಲ್ಲಿ ಹಿಮ್ಮಡಿ ಠಪ್ಪೆಂದು ಊರುತ್ತಿತ್ತು, ಅದರ ಬೆನ್ನಿಗೇ ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂಥ ಒಂದು ಚಪ್ಪಟೆ ಸದ್ದು, ಆಮೇಲೆ ಸಣ್ಣಗೆ ಒಂದು ಎಳೆತ. ಆ ನಡಿಗೆ ಸಪ್ಪಳನಿಗೆ ಗೊತ್ತಿತ್ತು. ಅದರ ಒಡೆಯ ತೀರಿಕೊಂಡು ವರ್ಷಗಳೇ ಆಗಿದ್ದವು.

ಅದು ಮೇಷ್ಟ್ರ ನಡಿಗೆ.

ಮೇಷ್ಟ್ರು ಸಪ್ಪಳನಿಗೆ ಹೆಜ್ಜೆ ಕಲಿಸಿದವರು. ನೆಟ್ಟಗೆ ನಡೆಯುವುದನ್ನು ತಾಯಿ ಕಲಿಸಿದರೆ, ಸೊಟ್ಟಗೆ ನಡೆಯುವುದನ್ನು, ಕುಡಿದು ನಡೆಯುವುದನ್ನು, ಹೆಣ ಹೊತ್ತು ನಡೆಯುವುದನ್ನು ಕಲಿಸಿದವರು ಅವರು. "ಹಿಮ್ಮಡಿ ಒಂದು ಸದ್ದು, ಮುಂಗಾಲು ಇನ್ನೊಂದು ಸದ್ದು. ನಡುವೆ ಒಂದು ಉಸಿರಿನಷ್ಟು ಮೌನ ಇರುತ್ತೆ. ಮನುಷ್ಯ ಇರೋದೇ ಆ ಮೌನದಲ್ಲಿ ಕಣೋ," ಎನ್ನುತ್ತಿದ್ದರು. ಕೊನೆಕೊನೆಗೆ ಅವರ ಬಲಗಾಲಿನಲ್ಲಿ ಆ ಮೌನ ಹೋಗಿಬಿಟ್ಟಿತು. ಪಾದ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತು. ಯಾವ ಪಾತ್ರಕ್ಕೆ ನಡೆದರೂ ಮೇಷ್ಟ್ರೇ ನಡೆದಂತಾಗುತ್ತಿತ್ತು. ಒಂದು ದಿನ ಅವರೇ ಶೂ ಬಿಚ್ಚಿ ಸಪ್ಪಳನ ಮುಂದಿಟ್ಟು, "ನನ್ನ ಕಾಲು ಸುಳ್ಳು ಹೇಳೋದನ್ನ ಮರೆತುಬಿಟ್ಟಿದೆ. ಇನ್ನು ನೀನೇ ನಡಿ," ಎಂದು ಹೊರಟುಹೋದರು. ಮತ್ತೆ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ಸಪ್ಪಳ ಹೊರಗಿನ ಊರಿನಲ್ಲಿ ಯಾವುದೋ ದೊಡ್ಡ ಕೆಲಸದಲ್ಲಿದ್ದಾಗ ಎದೆ ನಿಂತು ಹೋದರು ಎಂಬ ಸುದ್ದಿ ಬಂತು. ಮುಖ ನೋಡಲೂ ಆಗಲಿಲ್ಲ.

ಅವರು ಬಿಚ್ಚಿಟ್ಟ ಕಂದು ಶೂ ಗೋಡೆಯ ಮೇಲೇ ಇತ್ತು. ಅವತ್ತು ರೆಕಾರ್ಡಿಂಗಿನವನು ಊಟಕ್ಕೆ ಹೋದ ಮೇಲೆ ಸಪ್ಪಳ ಅದನ್ನಿಳಿಸಿ ಧೂಳು ಕೊಡವಿ ನೋಡಿದ. ಬಲ ಶೂವಿನ ಅಟ್ಟೆ ಒಳಗಡೆಗೆ ಸವೆದು ಇಳಿಜಾರಾಗಿತ್ತು. ಹಾಕಿಕೊಂಡ. ಯಾರೋ ಮೊದಲೇ ಮಾಡಿಟ್ಟ ಜಾಗದಲ್ಲಿ ಹೋಗಿ ಕೂತಂತೆ ಅವನ ಪಾದ ಆ ಇಳಿಜಾರಿನಲ್ಲಿ ಕೂತಿತು. ಬಿಚ್ಚಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ನಿಂತಿದ್ದ.

ಇದನ್ನು ಯಾರಿಗೂ ಹೇಳಬಾರದೆಂದುಕೊಂಡ. ಹೇಳುವುದೇನು, ಭಾನುವಾರ ತಾನಾಗಿ ಗೊತ್ತಾಯಿತು.

ಭಾನುವಾರ ಮಧ್ಯಾಹ್ನದ ಹೊತ್ತು ಅವನು ಮೇಷ್ಟ್ರ ಹೆಂಡತಿಯನ್ನು ನೋಡಲು ಹೋಗುತ್ತಿದ್ದ. ಅಮ್ಮ ಎಂದೇ ಕರೆಯುತ್ತಿದ್ದ. ಅಮ್ಮನಿಗೆ ಮಕ್ಕಳಿಲ್ಲ, ಕಣ್ಣೂ ಮಂಜಾಗಿ ನೆರಳು ಬೆಳಕಿನಷ್ಟೇ ತಿಳಿಯುತ್ತಿತ್ತು. ಹಳೆಯ ಕಟ್ಟಡದ ಮೂರನೇ ಮಹಡಿ, ಲಿಫ್ಟಿಲ್ಲ. ಮೆಟ್ಟಿಲುಗಳ ಅಂಚಿಗೆ ಬಡಿದ ಕಬ್ಬಿಣದ ಪಟ್ಟಿ ಸವೆದು ಹೊಳೆಯುತ್ತಿತ್ತು. ಪ್ರತಿ ಎರಡು ಮಹಡಿಗಳ ನಡುವೆ ಒಂದು ತಿರುವು, ಅಲ್ಲಿ ಮೆಟ್ಟಿಲು ಒಂದು ಕಡೆ ಅಗಲ, ಒಂದು ಕಡೆ ಬೆರಳೂ ಹಿಡಿಯದಷ್ಟು ಕಿರಿದು. ಮೊದಲೆಲ್ಲ ಸಪ್ಪಳ ಮೇಲೆ ಹೋಗಿ ಬಾಗಿಲು ತಟ್ಟಿ, "ನಾನಮ್ಮ," ಎಂದ ಮೇಲೆ ಅಮ್ಮ ಎದ್ದು ಬರುತ್ತಿದ್ದರು. ಆ ಭಾನುವಾರ ಅವನು ಕೊನೆಯ ತಿರುವು ಮುಟ್ಟುವ ಮೊದಲೇ ಮೇಲೆ ಚಿಲಕ ಸರಿದ ಸದ್ದಾಯಿತು.

"ಬಂದ್ರಾ? ನಿಧಾನ ರೀ. ತಿರುವು."

ಸಪ್ಪಳ ಕಂಬಿ ಹಿಡಿದು ನಿಂತುಬಿಟ್ಟ. ಆ "ರೀ" ಅವನಿಗೆ ಸೇರಿದ್ದಲ್ಲ. ಅಮ್ಮ ಅವನನ್ನು ಯಾವಾಗಲೂ ಹೋಗೋ ಬಾರೋ ಎಂದೇ ಮಾತಾಡಿಸಿದವರು. ಅವನು ಮತ್ತೆ ಹೆಜ್ಜೆಯಿಟ್ಟ. ಠಪ್, ಚಪ್ಪಟೆ, ಎಳೆತ. ಮೇಲೆ ಬಾಗಿಲ ಚೌಕಟ್ಟು ಹಿಡಿದು ಅಮ್ಮ ನಿಂತಿದ್ದರು, ಮುಖ ಮೆಟ್ಟಿಲ ಕಡೆಗೆ, ಕಣ್ಣು ಎಲ್ಲೋ. ಅವನು ಎದುರಿಗೆ ಬಂದು "ಅಮ್ಮ" ಎಂದಾಗ ಅವರು ಕೈ ಚಾಚಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಓ, ನೀನಾ. ಬಂದ್ಯಲ್ಲ, ಸದ್ಯ. ಬಾರೋ."

ಅವರ ಕೈ ತಣ್ಣಗಿತ್ತು, ಅಂಗೈ ಬೆವರಿತ್ತು. ಉಸಿರು ಜೋರಾಗಿತ್ತು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತವರು ನೀರು ಕೇಳಿ ಕುಡಿದರು. ಇಷ್ಟು ವರ್ಷಗಳ ಮೇಲೆ ಗಂಡನ ಹೆಜ್ಜೆ ಕೇಳಿದ ಹೆಂಗಸು, ಸಂತೋಷಕ್ಕೆ ಎದೆ ಹೊಡೆದುಕೊಳ್ಳದೆ ಇದ್ದೀತೇ, ಎಂದುಕೊಂಡ ಸಪ್ಪಳ.

"ಕಾಲು ಸರಿಯಿದೆಯೇನೋ ನಿಂದು?" ಎಂದರು ಅಮ್ಮ, ಲೋಟ ಕೆಳಗಿಡುತ್ತಾ.

"ಹೊಸ ಶೂ ಅಮ್ಮ. ಕಚ್ತಾ ಇದೆ."

"ಕಚ್ಚೋ ಶೂ ಹಾಕ್ಕೋಬೇಡ," ಎಂದರು.

ಆಮೇಲೆ ಪ್ರತಿ ಭಾನುವಾರವೂ ಅದೇ. ಅವನು ತಿರುವಿಗೆ ಬರುವ ಮೊದಲೇ ಚಿಲಕ ಸರಿಯುತ್ತಿತ್ತು. "ನಿಧಾನ ರೀ." ಮೆಟ್ಟಿಲ ಮೇಲೆ ಅವನು ಮೇಷ್ಟ್ರಾಗಿರುತ್ತಿದ್ದ, ಬಾಗಿಲಲ್ಲಿ ಮತ್ತೆ ಸಪ್ಪಳನಾಗುತ್ತಿದ್ದ. ಹೆದರಿಕೆಯಾಗಬೇಕಾಗಿತ್ತು, ಆಗುತ್ತಿತ್ತು ಕೂಡ. ಬೆನ್ನ ಹಿಂದೆ ಒಬ್ಬರು ಹತ್ತುತ್ತಿದ್ದಾರೆ, ತಿರುಗಿ ನೋಡಿದರೆ ಇಲ್ಲ. ನಿಂತರೆ ಅವರೂ ನಿಲ್ಲುತ್ತಾರೆ. ಆದರೂ ವಾರವೆಲ್ಲ ಅವನು ಆ ಮೆಟ್ಟಿಲಿಗಾಗಿ ಕಾಯತೊಡಗಿದ. ಸತ್ತಾಗ ಮುಖ ನೋಡಲಾಗದ ಮನುಷ್ಯನನ್ನು ವಾರಕ್ಕೊಮ್ಮೆ ಮನೆಗೆ ಕರೆದುಕೊಂಡು ಹೋಗುವ ಭಾಗ್ಯ ಎಷ್ಟು ಜನಕ್ಕಿದೆ?

ಭಾಗ್ಯದ ಬಾಡಿಗೆಯನ್ನು ಕಾಲು ಕಟ್ಟುತ್ತಿತ್ತು. ಬಲಗಾಲಿನ ಹರಡಿನ, ಪಾದದ ಗಂಟಿನ, ಒಳಗಡೆ, ಆ ಉಬ್ಬಿದ ಮೂಳೆಯ ಹಿಂದೆ, ಸಂಜೆಯಾದರೆ ಬಾವು ಬರುತ್ತಿತ್ತು. ಯಾರೋ ಅಲ್ಲಿ ಬೆರಳಿಟ್ಟು ಒತ್ತಿ ಹಿಡಿದಂತಿರುತ್ತಿತ್ತು. ಅದು ಮೇಷ್ಟ್ರ ಬೆರಳು ಎಂದು ಅವನಿಗೆ ಒಂದೊಂದು ಸಲ ಖಂಡಿತವಾಗಿ ಅನ್ನಿಸುತ್ತಿತ್ತು.

ಅವನ ಹೆಂಡತಿಗೆ ಇಂಥವೆಲ್ಲ ಅನ್ನಿಸುವುದಿಲ್ಲ. ಆಕೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರ ಮುಖದ ಮೇಲೆ ಸೊಟ್ಟಗೆ ಕೂತದ್ದನ್ನು ನೆಟ್ಟಗೆ ಮಾಡುವುದೇ ಆಕೆಯ ಕಸುಬು. ಒಂದು ಬೆಳಗ್ಗೆ ಬಾಗಿಲ ಬಳಿ ಅವನ ಶೂ ಎತ್ತಿ ತಿರುಗಿಸಿ ನೋಡಿದಳು.

"ಇದೇನ್ರೀ, ಎಡಗಾಲಲ್ಲಿ ನೀವು ನಡೀತೀರ, ಬಲಗಾಲಲ್ಲಿ ಬೇರೆ ಯಾರಾದ್ರೂ ನಡೀತಾರಾ? ಒಂದೇ ದಿನ ತಂದ ಜೋಡು, ಇದು ಒಳಗಡೆ ತಿಂದುಹೋಗಿದೆ."

ಅವಳು ತಮಾಷೆಗೆ ಅಂದದ್ದು. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು ತಮಾಷೆ ಬಿಟ್ಟಳು. ಅವತ್ತೇ ಅರ್ಧ ದಿನ ರಜೆ ಹಾಕಿ, ಕೈಹಿಡಿದು ಎಳೆದುಕೊಂಡು ಹೋಗಿ ಮೂಳೆ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಹೆಂಗಸು, ಮಾತು ಕಮ್ಮಿ. ಮುಂದಿನಿಂದ ನೋಡುವ ಬದಲು ಅವನನ್ನು ಗೋಡೆಗೆ ಮುಖಮಾಡಿ ಬರಿಗಾಲಲ್ಲಿ ನಿಲ್ಲಿಸಿ, ತಾವು ಹಿಂದೆ ಕುಕ್ಕರಗಾಲಲ್ಲಿ ಕೂತರು.

"ಇಲ್ಲಿ ಬನ್ನಿ," ಎಂದು ಹೆಂಡತಿಯನ್ನು ಕರೆದರು. "ಹಿಂದಿನಿಂದ ನೋಡಿದಾಗ ಎಡಗಾಲಿನ ಕಿರುಬೆರಳು ಒಂದು ಕಾಣುತ್ತೆ, ಪಕ್ಕದ್ದು ಸ್ವಲ್ಪ. ಬಲಗಾಲು ನೋಡಿ, ಬೆರಳೆಲ್ಲ ಹೊರಗೆ ಇಣುಕ್ತಾ ಇವೆ. ಪಾದದ ಮುಂಭಾಗ ಹೊರಕ್ಕೆ ತಿರುಗಿದೆ, ಹಿಮ್ಮಡಿ ಒಳಗೆ ವಾಲಿದೆ, ಕಮಾನು ಕೂತುಬಿಟ್ಟಿದೆ."

"ಹುಟ್ಟಿದಾಗಿಂದ ಸಪಾಟು ಪಾದ ಇರೋರು ಇರ್ತಾರಲ್ವಾ ಡಾಕ್ಟ್ರೇ?"

"ಅದು ಬೇರೆ. ಅವರಲ್ಲಿ ಎಷ್ಟೋ ಜನಕ್ಕೆ ತೊಂದರೇನೇ ಇರಲ್ಲ. ಇದು ದೊಡ್ಡವರಾದ ಮೇಲೆ ಬಂದದ್ದು." ಆಮೇಲೆ ಸಪ್ಪಳನಿಗೆ, "ಗೋಡೆ ಹಿಡ್ಕೊಂಡು ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ," ಎಂದರು.

ಎತ್ತಿದ. ಮೂವತ್ತು ವರ್ಷ ಹೀಗೇ ಬದುಕಿದವನಿಗೆ ಇದೇನು ಮಹಾ.

"ಈಗ ಬಲಗಾಲು."

ಎತ್ತಲು ಹೋದ. ಏಳಲಿಲ್ಲ. ಮನಸ್ಸು ಹೇಳುತ್ತಿದೆ, ಮೀನಖಂಡ ಎಳೆಯುತ್ತಿದೆ, ಹಿಮ್ಮಡಿ ಮಾತ್ರ ಯಾರೋ ಅಡಿಯಿಂದ ಹಿಡಿದುಕೊಂಡಂತೆ ನೆಲ ಬಿಡಲಿಲ್ಲ. ಎಷ್ಟೆಷ್ಟು ಓಟ ಓಡಿದ, ಜಿಗಿತ ಜಿಗಿದ ಕಾಲು! ಸಪ್ಪಳ ಗೋಡೆಗೆ ಹಣೆ ಒತ್ತಿ ನಿಂತ. ಅವನಿಗೆ ಅಳು ಬಂತು.

ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು, ಸ್ಕ್ಯಾನು ಮಾಡಿಸಿದರು. ಆಮೇಲೆ ಡಾಕ್ಟರು ತಮ್ಮದೇ ಕಾಲನ್ನು ಸ್ಟೂಲಿನ ಮೇಲಿಟ್ಟು ಬೆರಳಿನಿಂದ ದಾರಿ ತೋರಿಸಿದರು. ಮೀನಖಂಡದ ಆಳದಿಂದ ಸ್ನಾಯುವಿನ ಒಂದು ಹುರಿ ಇಳಿದು, ಹರಡಿನ ಒಳಮೂಳೆಯ ಹಿಂದೆ ಬಳಸಿ, ಪಾದದ ಅಡಿಗೆ ಹೋಗಿ ಕಮಾನನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ವರ್ಷಗಟ್ಟಲೆ ಕಾಂಕ್ರೀಟಿನ ಮೇಲೆ ಜಿಗಿದು, ಮೈಭಾರವೂ ಸೇರಿ, ಅವನ ಹುರಿ ಊದಿ, ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು.

"ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ," ಎಂದ ಸಪ್ಪಳ.

"ಅಲ್ಲಿಗೆ ಚುಚ್ಚಿದ್ರೆ ನೋವು ಹೋಗಬಹುದು, ಹುರೀನೂ ಕಿತ್ತುಹೋಗಬಹುದು." ಅವರು ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಅದು ಸರಿದು ನೆಟ್ಟಗಾಯಿತು. ಕ್ಷಣಹೊತ್ತು ಅವನ ಪಾದಕ್ಕೆ ಹಳೆಯ ಕಮಾನು ಬಂತು. "ನೋಡಿ, ಇನ್ನೂ ಬಗ್ಗುತ್ತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ನಿಮ್ಮದು ಇನ್ನೂ ಗಿಡ. ಈಗಲೇ ಒಂದೂವರೆ ತಿಂಗಳು ಗಟ್ಟಿ ಬೂಟು ಹಾಕಿ ಕಾಲಿಗೆ ವಿಶ್ರಾಂತಿ ಕೊಡೋಣ. ಆಮೇಲೆ ಕಮಾನಿಗೆ ಆಸರೆ ಕೊಡೋ ಅಟ್ಟೆ, ಹರಡಿಗೆ ಪಟ್ಟಿ, ವ್ಯಾಯಾಮ. ಅದಕ್ಕೂ ಬಗ್ಗದಿದ್ರೆ ಆಪರೇಷನ್."

"ಸುಮ್ಮನೆ ಬಿಟ್ರೆ?"

"ಕೀಲು ಬಿಗಿದುಕೊಳ್ಳುತ್ತೆ. ಆಗ ಮೂಳೆಗಳನ್ನ ಒಂದಕ್ಕೊಂದು ಸೇರಿಸಿ ಕೂರಿಸಬೇಕಾಗುತ್ತೆ. ನಡೀತೀರ, ನಡಿಯಲ್ಲ ಅಂತಲ್ಲ. ಆದ್ರೆ ಆಮೇಲೆ ನಿಮಗೆ ಒಂದೇ ನಡಿಗೆ."

ಈ ಮಾತು ಅವನಿಗೆ ನಾಟಿತು. ಆದರೂ ಮನೆಗೆ ಬಂದವನು ಡಾಕ್ಟರು ಕೊಡಿಸಿದ ಬೂಟನ್ನು ಬೀರುವಿನ ತಳಕ್ಕೆ ತಳ್ಳಿದ. ಹೆಂಡತಿ ಬೈದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಅವನು ಅವಳಿಗೆ ಹೇಳುವುದಾದರೂ ಏನನ್ನು? ಕಾಲು ವಾಸಿಯಾದರೆ ಮೆಟ್ಟಿಲ ಮೇಲೆ ಮೇಷ್ಟ್ರು ಬರುವುದಿಲ್ಲ. ಚಿಲಕ ಸರಿಯುವುದಿಲ್ಲ. ಒಂದು ಸಲ ಗಂಡನನ್ನು ಕಳೆದುಕೊಂಡ ಮುದುಕಿಯಿಂದ ಇನ್ನೊಂದು ಸಲ ಕಿತ್ತುಕೊಳ್ಳಬೇಕು, ಅದೂ ತನ್ನ ಕೈಯಾರೆ. ಅವನಿಂದ ಆಗಲಿಲ್ಲ.

"ಈ ಸಿನಿಮಾ ಒಂದು ಮುಗೀಲಿ," ಎಂದ ಅವಳಿಗೆ. ಸುಳ್ಳಿಗೆ ಒಂದು ನೆಪವೂ ಸಿಕ್ಕಿತ್ತು. ಸತ್ತ ತಂದೆಯೊಬ್ಬ ಮನೆಯಲ್ಲಿ ಓಡಾಡುವ ಕಥೆ ಅದು. ತಂದೆ ಪರದೆಯ ಮೇಲೆ ಕಾಣುವುದೇ ಇಲ್ಲ, ಹೆಜ್ಜೆ ಮಾತ್ರ. ಸಪ್ಪಳ ಮೇಷ್ಟ್ರ ಕಂದು ಶೂ ಹಾಕಿಕೊಂಡು ಮರದ ಹಲಗೆಯ ಮೇಲೆ ನಡೆದ. ಖಾಲಿ ಹಜಾರದ ಚಿತ್ರದ ಮೇಲೆ ಆ ಹೆಜ್ಜೆ ಬಂದು ಕೂತಾಗ ನಿರ್ದೇಶಕ ತೋಳಿನ ರೋಮ ತೋರಿಸಿ, "ಎಲ್ಲಿಂದ ತಂದ್ರಿ ಇದನ್ನ?" ಎಂದ. ರೆಕಾರ್ಡಿಂಗಿನವನು ಮಾತ್ರ ಹಿಗ್ಗಲಿಲ್ಲ. ಗಾಜಿನಾಚೆಯಿಂದ ಸಪ್ಪಳನ ಕಾಲನ್ನೇ ನೋಡುತ್ತಿದ್ದ.

"ಅಣ್ಣ, ಮೊದಲು ಹಿಂದೆ ಬರ್ತಿದ್ರು," ಎಂದ ಆಮೇಲೆ ತಗ್ಗಿದ ದನಿಯಲ್ಲಿ. "ಈಗ ಅವರೊಬ್ಬರೇ ಇದಾರೆ. ನೀವೇ ಕೇಳಿಸ್ತಿಲ್ಲ."

ಸಪ್ಪಳ ಕಂದು ಶೂ ಬಿಚ್ಚಿ ಗೋಡೆಗೆ ತೂಗುಹಾಕಿದ. ನೋವು ಈಗ ಹರಡಿನ ಹೊರಗಡೆಗೂ ದಾಟಿತ್ತು. ಸ್ನಾನದ ಮನೆಯಿಂದ ಬರುವಾಗ ನೆಲದ ಮೇಲೆ ಮೂಡುವ ಒದ್ದೆ ಗುರುತನ್ನು ನೋಡುತ್ತಿದ್ದ. ಎಡಗಾಲಿನದು ಒಳಗಡೆ ಬಳುಕಿ ತೆಳ್ಳಗಾಗುತ್ತಿತ್ತು. ಬಲಗಾಲಿನದು ತುಂಬಿಕೊಂಡ ಇಡೀ ಪಾದ. ಅದನ್ನು ಅವನು ಬಟ್ಟೆಯಿಂದ ಒರೆಸಿಬಿಡುತ್ತಿದ್ದ, ಹೆಂಡತಿ ನೋಡುವ ಮೊದಲು.

ಅದರ ಮುಂದಿನ ಭಾನುವಾರ ಮೆಟ್ಟಿಲ ದೀಪ ಕೆಟ್ಟಿತ್ತು. ಮಧ್ಯಾಹ್ನವಾದರೂ ಕೊನೆಯ ತಿರುವಿನಲ್ಲಿ ಬೆಳಕು ಸಾಲದು. ಸಪ್ಪಳ ಒಂದು ಕೈಯಲ್ಲಿ ಅಮ್ಮನ ಔಷಧಿಯ ಚೀಲ ಹಿಡಿದು ಹತ್ತುತ್ತಿದ್ದ. ಮೇಲೆ ಚಿಲಕ ಸರಿಯಿತು.

"ಬಂದ್ರಾ? ನಿಧಾನ ರೀ..."

ಬಲಗಾಲು ಕಿರಿದಾದ ಕಡೆ ಊರಿತು. ಊರಿದ ಪಾದ ಒಳಕ್ಕೆ ಮಡಚಿಕೊಂಡಿತು. ಅವನು ಕಂಬಿಗೆ ಕೈಹಾಕಿದ, ಸಿಕ್ಕಿತು, ಆದರೆ ಮಂಡಿ ಕಬ್ಬಿಣದ ಅಂಚಿಗೆ ಬಡಿದು, ಚೀಲದ ಸೀಸೆ ಕೈಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಕೆಳಗೆಲ್ಲೋ ಒಡೆಯಿತು.

"ಅಯ್ಯೋ! ಮತ್ತೆ! ಮತ್ತೆ ಬಿದ್ರು!"

ಅಂಥ ಕೂಗನ್ನು ಸಪ್ಪಳ ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. ತಲೆಯೆತ್ತಿದರೆ ಅಮ್ಮ ಗೋಡೆ ಸವರುತ್ತಾ ಕೆಳಗಿಳಿಯುತ್ತಿದ್ದರು, ಕಣ್ಣು ಕಾಣದ ಹೆಂಗಸು, ಬರಿಗಾಲಲ್ಲಿ, ಕತ್ತಲೆಯಲ್ಲಿ. "ಅಮ್ಮ, ಬರಬೇಡಿ, ನನಗೇನೂ ಆಗಿಲ್ಲ," ಎಂದು ಕೂಗಿದ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಅವನು ತೆವಳಿ ಮೇಲೆ ಹೋಗಿ ಅವರ ಕಾಲು ಹಿಡಿದು ನಿಲ್ಲಿಸಿದ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅಮ್ಮ ಅವನ ತಲೆ, ಭುಜ, ಸೊಂಟ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು.

"ಮತ್ತೆ ಅಂದ್ರಲ್ಲಮ್ಮ. ಮತ್ತೆ ಅಂದ್ರೆ?"

ಅಮ್ಮ ಮೆಟ್ಟಿಲಂಚಿನ ಕಬ್ಬಿಣದ ಪಟ್ಟಿಯನ್ನು ಬೆರಳಿಂದ ಸವರಿದರು.

"ಮೇಷ್ಟ್ರು ಇಲ್ಲೇ ಬಿದ್ದದ್ದು ಕಣೋ. ಈ ತಿರುವಿನಲ್ಲಿ. ಕಾಲು ಹೀಗೇ ಒಳಕ್ಕೆ ಹೋಯ್ತು. ಸೊಂಟದ ಮೂಳೆ ಮುರ್ಕೊಂಡು ಮಲಗಿದವರು ಏಳಲಿಲ್ಲ. ಕೊನೆಗೆ ಎದೆ ನಿಂತದ್ದು ನಿಜ, ಆದ್ರೆ ಶುರುವಾದದ್ದು ಇಲ್ಲಿ."

"ನಮಗ್ಯಾರಿಗೂ ಹೇಳಲಿಲ್ವಲ್ಲಮ್ಮ."

"ಅವರೇ ಬೇಡ ಅಂದ್ರು. ಹೆಜ್ಜೆಯವನು ಹೆಜ್ಜೆ ತಪ್ಪಿ ಸತ್ತ ಅಂತ ಊರು ನಗೋದು ಬೇಡ. ಯಾರಿಗೂ ಹೇಳಬೇಡ, ಅವನಿಗಂತೂ ಹೇಳಲೇಬೇಡ ಅಂತ ನನ್ನ ಕೈಲಿ ಮಾತು ತಗೊಂಡ್ರು. ಡಾಕ್ಟ್ರ ಹತ್ರ ಹೋಗೋಣ ಅಂತ ಎಷ್ಟು ಗೋಗರೆದೆ. ಕಾಲು ನನ್ನ ಕಸುಬು, ಬೇರೆಯವರು ಮುಟ್ಟಬಾರದು ಅನ್ನೋರು. ಹಟ." ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತು ನಾನು ಒಳಗೆ ಕೂತಿದ್ದೆ. ಹೆಜ್ಜೆ ಕೇಳಿಸ್ತಿತ್ತು. ಬರ್ತಾರೆ, ತಟ್ತಾರೆ, ಆಗ ಎದ್ದರಾಯ್ತು ಅಂತ ಎದ್ದಿರಲಿಲ್ಲ. ಆಮೇಲೆ ಹೆಜ್ಜೆ ನಿಂತುಹೋಯ್ತು."

ಆ ತಣ್ಣಗಿನ ಕೈ, ಆ ಬೆವರು, ಆ ನೀರಿನ ಲೋಟ ಎಲ್ಲ ಸಪ್ಪಳನಿಗೆ ಈಗ ಬೇರೆಯಾಗಿ ಕಾಣತೊಡಗಿದವು.

"ನಾನು ಅವರ ಹಾಗೆ ನಡೀತೀನಿ ಅಂತ ನಿಮಗೆ... ಸಂತೋಷ ಆಗ್ತಿದೆ ಅಂದ್ಕೊಂಡಿದ್ದೆ ಅಮ್ಮ. ಅದಕ್ಕೇ ನಾನು ಕಾಲಿಗೆ..."

"ಸಂತೋಷವೇ!" ಅಮ್ಮ ಅವನ ಕಡೆ ತಿರುಗಿದರು. "ಪ್ರತಿ ಭಾನುವಾರ ಅವರು ಬೀಳೋದನ್ನ ಕಾಯ್ತಾ ನಿಲ್ಲೋದು ಸಂತೋಷವೇನೋ? ನೀನು ಅಂತ ನನಗೆ ಗೊತ್ತು. ಆದ್ರೂ ಆ ಕಾಲು ಹತ್ತೋಕೆ ಶುರುಮಾಡಿದ್ರೆ ಅವರೇ. ಈ ಸಲ ಬಾಗಿಲು ತೆಗೆದು ನಿಂತಿರೋಣ, ಎಚ್ಚರ ಹೇಳೋಣ, ಈ ಸಲವಾದ್ರೂ ಮೇಲೆ ಬರಲಿ ಅಂತ ನಿಂತಿರ್ತಿದ್ದೆ. ನೀನು ಬಂದು ಅಮ್ಮ ಅಂದಾಗ ಹೋದ ಜೀವ ಬರ್ತಿತ್ತು."

"ಯಾಕಮ್ಮ ಬಾಯಿಬಿಟ್ಟು ಹೇಳಲಿಲ್ಲ?"

"ನಾನು ಕೇಳಲಿಲ್ವೇನೋ? ಕಾಲು ಸರಿಯಿದೆಯಾ ಅಂತ ಕೇಳ್ದೆ. ಶೂ ಕಚ್ತಾ ಇದೆ ಅಂದೆ. ಅವರೂ ಅದನ್ನೇ ಹೇಳ್ತಿದ್ರು."

ಆ ಸಂಜೆ ಸಪ್ಪಳ ಬೀರುವಿನ ತಳದಿಂದ ಬೂಟನ್ನು ಎಳೆದ. ಹೆಂಡತಿ ಏನೂ ಕೇಳದೆ ಪಟ್ಟಿಗಳನ್ನು ಬಿಗಿದಳು. ಬಿಗಿದಾದ ಮೇಲೆ ಎದ್ದು ನಿಂತು ನೋಡಿ, "ಚಂದ್ರನ ಮೇಲೆ ಇಳಿಯೋಕೆ ಹೊರಟಂಗಿದೀರ," ಎಂದಳು. ಅವಳು ನಕ್ಕದ್ದು ಕಂಡು ಅವನಿಗೆ ಎಷ್ಟೋ ಹಗುರವಾಯಿತು.

ತಡವಾಗಿತ್ತು, ಆದರೆ ತೀರ ತಡವಾಗಿರಲಿಲ್ಲ. ಡಾಕ್ಟರು ಹಿಮ್ಮಡಿಯನ್ನು ಮತ್ತೆ ತಿರುಗಿಸಿ ನೋಡಿದರು. ಈ ಸಲ ಅದು ಮೊದಲಿನಷ್ಟು ಸಲೀಸಾಗಿ ಬರಲಿಲ್ಲ, ಬಂತು. ಸೀಸೆ ಒಡೆದರೆ ಒಡೆಯಲಿ, ಕಾಲು ಉಳಿಯಿತಲ್ಲ ಎಂದು ಬೈಯುತ್ತಲೇ ಸಮಾಧಾನ ಹೇಳಿದರು. ಬೂಟಿನ ದಿನಗಳಲ್ಲಿ ಮೆಟ್ಟಿಲು ಹತ್ತಕೂಡದು, ಆದ್ದರಿಂದ ಭಾನುವಾರ ಅಮ್ಮನಿಗೆ ಫೋನು ಮಾಡುತ್ತಿದ್ದ. ಸ್ಟುಡಿಯೋದಲ್ಲಿ ಕೂತು ಬಾಗಿಲು, ಬೀಗದಕೈ, ಲೋಟ, ಬಟ್ಟೆಯ ಸದ್ದು ಮಾಡುತ್ತಿದ್ದ. ಸಣ್ಣಪುಟ್ಟ ಹೆಜ್ಜೆ ಬಂದರೆ ಶೂಗಳನ್ನು ಕೈಗೆ ಹಾಕಿಕೊಂಡು ಹಲಗೆಯ ಮೇಲೆ ಕೈಯಲ್ಲೇ ನಡೆಯುತ್ತಿದ್ದ. ಹೊಟ್ಟೆಪಾಡು, ಕಾಲು ಕೈಕೊಟ್ಟರೆ ಕೈ ಕಾಲಾಗಬೇಕು. ಮೇಷ್ಟ್ರ ಶೂವನ್ನು ಮಾತ್ರ ಮತ್ತೆ ಇಳಿಸಲಿಲ್ಲ. "ಆ ಹೆಜ್ಜೆ ಒಂದು ಕಾಪಿ ಮಾಡಿಕೊಡ್ಲಾ ಅಣ್ಣ? ಅಮ್ಮಂಗೆ ಕೇಳಿಸೋಕೆ?" ಎಂದ ರೆಕಾರ್ಡಿಂಗಿನವನು ಒಳ್ಳೆಯ ಮನಸ್ಸಿನಿಂದಲೇ. ಸಪ್ಪಳ ಬೇಡವೆಂದು ಕೈಯಾಡಿಸಿದ.

ಬೂಟು ಬಿಚ್ಚಿದ ಮೇಲೆ ಅಟ್ಟೆಗೆ ಅಚ್ಚು ತೆಗೆದರು. ಅವನು ನೆಲಕ್ಕೆ ಊರಿ ನಿಂತ ಪಾದದ ಅಚ್ಚಲ್ಲ. ಅಚ್ಚಿನವನು ಪಾದವನ್ನು ಕೈಯಲ್ಲಿ ಎತ್ತಿ, ಹಿಮ್ಮಡಿ ನೆಟ್ಟಗೆ ಮಾಡಿ, ಅದು ಇರಬೇಕಾದ ಹಾಗೆ ಹಿಡಿದುಕೊಂಡು ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದ. ಆ ಅಟ್ಟೆ ಶೂವಿನೊಳಗೆ ಬಂತು, ಹರಡಿಗೆ ಪಟ್ಟಿ ಬಂತು. ಬೆಳಗ್ಗೆ ಸಂಜೆ ರಬ್ಬರು ಪಟ್ಟಿಯನ್ನು ಮೇಜಿನ ಕಾಲಿಗೆ ಕಟ್ಟಿ ಪಾದವನ್ನು ಒಳಕ್ಕೆಳೆಯುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು, ಹಿಮ್ಮಡಿ ಎತ್ತಲು ಹೆಣಗುವುದು. ಬಹಳ ದಿನ ಏಳಲಿಲ್ಲ. ಒಂದು ಬೆಳಗ್ಗೆ ಅನ್ನಕ್ಕಿಟ್ಟು ಬಂದ ಹೆಂಡತಿ ಅವನ ಕಾಲ ಬಳಿ ಬಗ್ಗಿ, ಹಿಮ್ಮಡಿಯಡಿ ತನ್ನ ಕಿರುಬೆರಳು ತೂರಿಸಿ, "ಬಂತು ರೀ," ಎಂದಳು. ಇಬ್ಬರೂ ಆ ಒಂದು ಬೆರಳಿನ ಎತ್ತರವನ್ನು ಹಬ್ಬದ ಹಾಗೆ ನೋಡುತ್ತಾ ನಿಂತರು.

ಮೊದಲಿನ ಕಾಲು ಪೂರ್ತಿ ಬರಲಿಲ್ಲ, ಬರುವುದಿಲ್ಲವೆಂದು ಡಾಕ್ಟರು ಹೇಳಿಯೇ ಇದ್ದರು. ಆದರೆ ಹಲಗೆಯ ಮೇಲೆ ನಡೆದಾಗ ಹಿಮ್ಮಡಿಗೂ ಮುಂಗಾಲಿಗೂ ನಡುವೆ ಒಂದು ಸಣ್ಣ ಮೌನ ಬಿದ್ದಿತು. ಗಾಜಿನಾಚೆ ರೆಕಾರ್ಡಿಂಗಿನವನು ಹೆಬ್ಬೆರಳೆತ್ತಿದ. "ಒಬ್ಬರೇ ಇದೀರ ಅಣ್ಣ," ಎಂದ.

ಮತ್ತೆ ಮೆಟ್ಟಿಲು ಹತ್ತಲು ಡಾಕ್ಟರು ಒಪ್ಪಿದ ಮೊದಲ ಭಾನುವಾರ ಸಪ್ಪಳ ಆ ಕಟ್ಟಡದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತ. ಕಂಬಿ ಹಿಡಿದು ಹತ್ತಿದ. ಹಿಂದೆ ಯಾರೂ ಇರಲಿಲ್ಲ. ಕಿವಿಗೊಟ್ಟ, ಇರಲಿಲ್ಲ. ಕೊನೆಯ ತಿರುವಿಗೆ ಬಂದ. ಚಿಲಕದ ಸದ್ದಿಲ್ಲ. ಅಗಲವಾದ ಕಡೆಗೆ ಪಾದವಿಟ್ಟು ತಿರುವು ದಾಟಿದ. ಮೇಲೆ ಬಾಗಿಲು ಮುಚ್ಚಿಕೊಂಡೇ ಇತ್ತು. ಆ ಮುಚ್ಚಿದ ಬಾಗಿಲ ಮುಂದೆ ನಿಂತಾಗ ಅವನಿಗೆ ಮೇಷ್ಟ್ರು ಸತ್ತದ್ದು ಅವತ್ತೇ, ಆಗಲೇ, ಅನ್ನಿಸಿ ದುಃಖ ಉಕ್ಕಿ ಬಂತು. ಊರಿಂದ ಬಂದು ಮುಖ ನೋಡಲಾಗದೆ ಅಂದು ಅಳಲಾಗದ್ದನ್ನೆಲ್ಲ ಬಾಗಿಲಿಗೆ ತಲೆಯಾನಿಸಿ ಅತ್ತ, ಸದ್ದಾಗದ ಹಾಗೆ. ಸದ್ದು ಮಾಡದಿರುವುದೂ ಅವರೇ ಕಲಿಸಿದ ವಿದ್ಯೆ.

ಆಮೇಲೆ ಮುಖ ಒರೆಸಿಕೊಂಡು ಬಾಗಿಲು ತಟ್ಟಿದ.

"ಯಾರು?"

"ನಾನಮ್ಮ."

ಒಳಗೆ ಕುರ್ಚಿ ಸರಿಯಿತು. ಚಿಲಕ ನಿಧಾನವಾಗಿ ತೆರೆಯಿತು. ಅಮ್ಮನ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು; ನಿದ್ದೆ ಹತ್ತಿತ್ತೆಂದು ಕಾಣುತ್ತದೆ. ಕೈ ಚಾಚಿ ಅವನ ತೋಳು ಹಿಡಿದರು. ಅಂಗೈ ಬೆಚ್ಚಗಿತ್ತು, ಒಣಗಿತ್ತು.

"ಯಾವಾಗ ಬಂದ್ಯೋ? ಕೇಳಿಸಲೇ ಇಲ್ಲವಲ್ಲ."

"ಈಗ ತಾನೇ ಅಮ್ಮ."

ಅಮ್ಮ ಅವನ ಹಿಂದಿನ ಮೆಟ್ಟಿಲುಗಳ ಕಡೆ ಮುಖಮಾಡಿ ಸ್ವಲ್ಪ ಹೊತ್ತು ಆಲಿಸಿದರು.

"ಅವರು?"

ಸಪ್ಪಳ ಅವರ ಕೈಯ ಮೇಲೆ ಕೈಯಿಟ್ಟ. "ಕೆಳಗೇ ಉಳಿದರು ಅಮ್ಮ," ಎಂದ.

ಅಮ್ಮ ತಲೆಯಾಡಿಸಿದರು. ಅವರ ಕಣ್ಣಿಂದ ನೀರಿಳಿಯಿತು, ಆದರೆ ದನಿ ನಡುಗಲಿಲ್ಲ.

"ಇರಲಿ ಬಿಡು. ಅವರಿಗೆ ಮೆಟ್ಟಿಲು ಹತ್ತೋದು ಕಷ್ಟ," ಎಂದು ಅವನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು.